ಮಾಮಾನ ಮೋಟಾರಿನ ಸಂದಿಗೊಂದಿ

ಎದುರು ಮನೆಯ ರಾಯರು ಹೊಸ ಕಾರು ತಂದಂದಿನಿಂದ ಹಾವೇರಿಯ ನಮ್ಮ ಓಣಿಗೆ ಬೆಳಗಾಗುವುದೇ ಅವರ ಬಕೀಟಿನ ಸದ್ದಿಗೆ. ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಮನೆಯಲ್ಲಿ ತಾವು ಕುಡಿದ ಲೋಟವನ್ನು ತಾವೇ ತೊಳೆದಿಟ್ಟ ದಾಖಲೆ ಇಲ್ಲ. ಮೊನ್ನೆ ನಮ್ಮ ಗೇಟಿನ ಹತ್ತಿರ ಬಂದು, ಎಳೆಗೂಸಿಗೆ ಔಷಧ ಕೇಳುವವರ ಹಾಗೆ ದನಿ ತಗ್ಗಿಸಿ ಕೇಳಿದರು:

“ಅಮ್ಮಾರ, ನಿಮ್ಮಲ್ಲಿ ಹಳೇ ನೂಲಿನ ಸೀರಿ ಇದ್ದರ ಒಂದು ತುಂಡು ಕೊಡ್ತೀರೇನು? ಭಾಳ ತೊಳದು ತೊಳದು ಮೆತ್ತಗಾಗಿರಬೇಕು. ಅಂಗಡಿ ಅರಿವಿ ಬಣ್ಣಕ್ಕ ಗೀರು ಬೀಳಸ್ತೈತ್ರಿ.”

ಕೊಟ್ಟೆ. ತೊಳೆದು ತೊಳೆದು ಮೆತ್ತಗಾದ ಸೀರೆಗಳಿಗೆ ನನ್ನಲ್ಲಿ ಬರವಿಲ್ಲ. ರಾಯರು ಅದರ ಚುಂಗನ್ನು ಪೊರಕೆಯ ಕಡ್ಡಿಗೆ ಸುತ್ತಿ, ಕನ್ನಡಿಯ ಹಿಂದಿನ ಸಂದಿಯೊಳಗೆ ತೂರಿಸಿ, ಉಸಿರು ಬಿಗಿಹಿಡಿದು, ನಾಲಿಗೆಯ ತುದಿ ಹೊರಗಿಟ್ಟು ತಿರುಗಿಸತೊಡಗಿದರು. ನನಗೆ ನಗು ತಡೆಯಲಾಗಲಿಲ್ಲ. ಒಳಗೆ ಬಂದು ಬಾಗಿಲು ಹಾಕಿಕೊಂಡು ನಕ್ಕೆ. ಈ ಭಂಗಿಯನ್ನು ನಾನು ಮೊದಲೂ ನೋಡಿದ್ದೇನೆ, ಓದುಗರೇ. ಅರವತ್ತು ವರ್ಷದ ಹಿಂದೆ, ಬ್ಯಾಡಗಿಯಲ್ಲಿ, ದಿನಾ ಬೆಳಿಗ್ಗೆ.

ಆಗ ನನಗೆ ಹೊಸದಾಗಿ ಮದುವೆಯಾಗಿತ್ತು. ನಮ್ಮವರಿಗೆ ಬ್ಯಾಡಗಿಯ ಶಾಲೆಯಲ್ಲಿ ಮಾಸ್ತರಿಕೆ. ಬಾಡಿಗೆಗೆ ಸಿಕ್ಕ ಎರಡು ಕೋಣೆ ನನ್ನ ಅಕ್ಕ ಗೌರವ್ವನ ಮನೆಯ ಎದುರಿಗೇ ಇದ್ದವು. ಅಕ್ಕನ ಗಂಡ ಚನ್ನಬಸಪ್ಪ ಮೆಣಸಿನಕಾಯಿ ದಲಾಲರು. ನಾನು ಅವರನ್ನು ಮಾಮಾ ಅನ್ನುತ್ತಿದ್ದೆ, ಊರು ಸಾವಕಾರರು ಅನ್ನುತ್ತಿತ್ತು, ಅವರು ಸ್ವತಃ ತಮ್ಮನ್ನು ಏನೆಂದುಕೊಂಡಿದ್ದರೋ ಆ ದೇವರಿಗೇ ಗೊತ್ತು. ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ, ಪೆಟ್ರೋಲಿಗೆ ಕೂಪನ್ನು ಬಂದಿರಲಿಲ್ಲ. ಒಂದು ದಿನ ಮಾಮಾ ಹುಬ್ಬಳ್ಳಿಯಿಂದ ಕರೀ ಮೋಟಾರೊಂದನ್ನು ತಂದು ಮನೆಯ ಮುಂದೆ ನಿಲ್ಲಿಸಿದರು. ಎತ್ತಿನ ಕೊಟ್ಟಿಗೆಯೇ ಮೋಟಾರಿನ ಮನೆಯಾಯಿತು. ಎತ್ತುಗಳಿಗೆ ಹಿತ್ತಲಲ್ಲಿ ಚಪ್ಪರ ಹಾಕಿಸಿದರು.

ಮೋಟಾರು ಇರುವುದು ಓಡಾಡುವುದಕ್ಕೆ ಎಂದು ನೀವೂ ನಾನೂ ತಿಳಿದಿದ್ದೇವೆ. ಮಾಮಾ ಹಾಗೆ ತಿಳಿದಿರಲಿಲ್ಲ. ಓಡಿಸಿದರೆ ಧೂಳು ಕೂಡುತ್ತದೆ. ಒಳಗೇ ಇಟ್ಟರೆ ಯಾರೂ ನೋಡುವುದಿಲ್ಲ. ಈ ಸಂಕಟಕ್ಕೆ ಅವರು ಕಂಡುಕೊಂಡ ಉಪಾಯವೆಂದರೆ, ಬೆಳಿಗ್ಗೆ ಮೋಟಾರನ್ನು ಕೊಟ್ಟಿಗೆಯಿಂದ ಕಟ್ಟೆಯವರೆಗೆ ತಂದು ನಿಲ್ಲಿಸುವುದು, ಕಟ್ಟೆಯ ಮೇಲೆ ತಾವು ಕೂರುವುದು, ಸಂಜೆ ಮತ್ತೆ ಒಳಗೆ ಹೊಡೆಯುವುದು. ಮೊದಲು ಒಬ್ಬ ಡ್ರೈವರನನ್ನು ಇಟ್ಟಿದ್ದರು. ಅವನ ನಡುಪಟ್ಟಿಯ ಬಕಲು ಬಾಗಿಲಿಗೆ ತಾಗುತ್ತದೆಂದು ಬಿಡಿಸಿ, ತಾವೇ ಹೊಡೆಯುವುದನ್ನು ಕಲಿತರು. ಕಲಿತರು ಎಂದು ಮರ್ಯಾದೆಗೆ ಹೇಳುತ್ತೇನೆ.

ಊರಿನ ಜನ ಬಂದು ಮೋಟಾರಿನ ಸುತ್ತ ನಿಂತು “ಏನು ಹೊಳಪರಿ ಸಾವಕಾರ್ರ, ಮುಖಾ ಕಾಣತೈತಲ್ಲ” ಅನ್ನುವರು. ಅದರಲ್ಲಿ ತಮ್ಮ ಮುಖ ಕಂಡೂ ಹೊಗಳುತ್ತಿದ್ದರಲ್ಲ, ಅವರ ಧೈರ್ಯ ದೊಡ್ಡದು. ನಾನೇನು ಕಡಿಮೆಯವಳಲ್ಲ. ಮೋಟಾರು ಬಂದ ವಾರ ಮದುವೆಯ ಇಳಕಲ್ ಸೀರೆ ಉಟ್ಟು, ಕಾರಣವಿಲ್ಲದೆ ಅದರ ಮುಂದಿನಿಂದ ಹಾದುಹೋದೆ, ಹಾಗೇ ಹಿಂದಿರುಗಿ ಬಂದೆ. ‘ಬಾರವಾ, ಒಂದು ಸುತ್ತು ಹೋಗಿ ಬರೋಣು’ ಅಂತಾರೆ ಎಂದು ಆಸೆ. ಮಾಮಾ ಅಂದದ್ದಿಷ್ಟು:

“ಅಷ್ಟು ಸರದು ನಡಿಯವಾ. ಸೆರಗಿನ ಜರಿ ತಗಲೀತು.”

ಅಕ್ಕನಿಗೂ ಆ ಮೋಟಾರಿನಲ್ಲಿ ಜಾಗವಿರಲಿಲ್ಲ. ಕುಪ್ಪೇಲೂರಿನ ನಮ್ಮ ತವರಿಗೆ ಅವಳು ಎತ್ತಿನ ಬಂಡಿಯಲ್ಲೇ ಹೋಗಿ ಬರಬೇಕು. “ಎಣ್ಣಿ ತಲಿ ಆನಿಸಿದರ ಗಾದಿಗೆ ಕಲೆ ಬೀಳ್ತೈತಿ” ಎಂಬುದು ಮಾಮಾನ ಕಾರಣ. ಅದನ್ನು ಅವರು ಎಷ್ಟು ಗಂಭೀರವಾಗಿ ಹೇಳುತ್ತಿದ್ದರೆಂದರೆ, ಎಣ್ಣೆ ಹಚ್ಚಿಕೊಂಡದ್ದು ನಿಜಕ್ಕೂ ಅಕ್ಕನ ತಪ್ಪೇನೋ ಎಂದು ಕೇಳಿದವರಿಗೆ ಅನ್ನಿಸಬೇಕು.

ಬ್ಯಾಡಗಿಯ ಧೂಳಿನ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಬೇರೆ ಊರಿನ ಧೂಳು ಮೈಮೇಲೆ ಕೂಡುತ್ತದೆ, ನಮ್ಮೂರಿನದು ಒಳಹೊಗುತ್ತದೆ. ಮೆಣಸಿನಕಾಯಿ ಸುಗ್ಗಿಯಲ್ಲಿ ಊರೆಲ್ಲ ಸೀನು. ಪಾಠ ಹೇಳುತ್ತ ನಮ್ಮವರು ಸೀನುವರು, ಮಕ್ಕಳು ಸೀನುವರು, ತಪಾಸಣೆಗೆ ಬಂದ ಇನ್ಸ್‌ಪೆಕ್ಟರ್ ಸಾಹೇಬರು ಸೀನಿ ಸೀನಿ ಪ್ರಶ್ನೆ ಕೇಳುವುದನ್ನೇ ಮರೆತು ಹೋಗಿದ್ದರು. ಆ ಕೆಂಪು ಪುಡಿ ಮೋಟಾರಿನ ಬೆನ್ನ ಮೇಲೆ ಬಿದ್ದರೆ ಚಿಂತೆಯಿಲ್ಲ. ಅದು ದೀಪದ ಬುರುಡೆಯ ಹಿಂದೆ, ಬಾನೆಟ್ಟಿನ ಪಕ್ಕದ ಸೀಳುಗಳಲ್ಲಿ, ಬಾಗಿಲಿನ ತಿರುಗಣಿಯ ಒಳಗೆ, ಹೆಚ್ಚಿನ ಗಾಲಿಯನ್ನು ಕೂರಿಸಿದ ಗುಣಿಯಲ್ಲಿ, ಎಲ್ಲೆಲ್ಲಿ ಮನುಷ್ಯನ ಕೈ ಹೋಗದೋ ಅಲ್ಲೆಲ್ಲ ಹೋಗಿ ಕೂಡುತ್ತಿತ್ತು. ಒಣ ಅರಿವೆಯಿಂದ ಒರೆಸಿದರೆ ಮರಳು ಕಾಗದ ಉಜ್ಜಿದ ಹಾಗೆ ಗೀರು.

ಮಾಮಾ ಎಲ್ಲ ಪ್ರಯೋಗ ಮಾಡಿದರು. ಮೊದಲು ನೀರು ಬಿಟ್ಟು ನೆನೆಸಬೇಕು, ಆಮೇಲೆ ಒರೆಸಬೇಕು, ಒರೆಸುವುದೂ ಒಂದೇ ದಿಕ್ಕಿಗೆ, ಅರಿವೆಯನ್ನು ಜಾಲಿಸುವ ನೀರು ಬೇರೆ, ಒರೆಸುವ ನೀರು ಬೇರೆ. ಪಾರಿವಾಳದ ಗರಿ ಹುಡುಕಿ ತಂದರು. ಬೇವಿನ ಕಡ್ಡಿಗೆ ಹತ್ತಿ ಸುತ್ತಿದರು. ಕೊನೆಗೆ ತಮ್ಮ ಕ್ಷೌರದ ಬ್ರಶ್ಶನ್ನೇ ಅದಕ್ಕೆ ಅರ್ಪಿಸಿ, ತಾವು ಕುರುಚಲು ಗಡ್ಡದಲ್ಲಿ ಪೇಟೆಗೆ ಹೋದರು. ಮನೆಯ ದೇವರಿಗೆ ದಿನಾ ನೀರು ಹಾಕಿ ಹೂ ಏರಿಸುವ ಪುರುಸೊತ್ತಿಲ್ಲದ ಮನುಷ್ಯ! ಇಷ್ಟಾದರೂ ದೀಪದ ಹಿಂದೆ ಬೆರಳಗಲ ಕೆಂಪು ಉಳಿದೇ ಉಳಿಯುತ್ತಿತ್ತು. ಅದನ್ನು ನೋಡಿ ಅವರಿಗೆ ಊಟ ಸೇರುತ್ತಿರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಅಕ್ಕ ಬಚ್ಚಲಲ್ಲಿ ಕೂತು ಕಿರುಗೊರಳಿನ ತಾಮ್ರದ ತಂಬಿಗೆಯನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದಳು. ಅವಳ ಕೈ ತೀರ ಸಣ್ಣವು, ನೀಳ ಬೆರಳು. ಮುಂಗೈತನಕ ತಂಬಿಗೆಯ ಒಳಗೆ ಹೋಗಿತ್ತು. ಅತ್ತ ಹೊರಟಿದ್ದ ಮಾಮಾ ಅದನ್ನು ಕಂಡು ಅಲ್ಲೇ ನಿಂತರು. ನಿಂತು ಆ ಕೈಯನ್ನೇ ನೋಡಿದರು. ಮದುವೆಯಾದ ಮೇಲೆ ಅವರು ಹೆಂಡತಿಯ ಕೈಯನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲಿರಬೇಕು. ಅಕ್ಕನಿಗೆ ನಾಚಿಕೆಯೇ ಬಂತಂತೆ. “ಏನ್ರಿ ಹಂಗ ನೋಡ್ತೀರಿ?” ಅಂದಳಂತೆ.

“ಕೈ ತೊಳ್ಕೊ. ಹೊರಗ ಬಾ” ಅಂದರು ಮಾಮಾ.

ಅಂದಿನಿಂದ ಆ ಕೆಲಸ ಅಕ್ಕನದಾಯಿತು. ಮಾಮಾನ ಹಳೆಯ ಧೋತರದ ಚೂರನ್ನು ಬೆರಳಿಗೆ ಸುತ್ತಿಕೊಂಡು ಅವಳು ಸಂದಿಗೆ ಕೈ ಹಾಕಬೇಕು, ಇವರು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು “ಇನ್ನಷ್ಟು ಒಳಗ, ಎಡಕ್ಕ, ಒತ್ತಬ್ಯಾಡ, ಒತ್ತಬ್ಯಾಡ” ಎಂದು ಹೇಳುತ್ತಿರಬೇಕು. ಒದ್ದೆ ಅರಿವೆಗೆ ಬಂದ ಮೆಣಸಿನಪುಡಿ ಬೆರಳಿಗಿಳಿದು ಸಂಜೆತನಕ ಉರಿ. ದೀಪ ಹಚ್ಚುವ ಹೊತ್ತಿಗೆ ನಾನು ಹೋದರೆ ಅಕ್ಕ ಮಜ್ಜಿಗೆಯ ಬಟ್ಟಲಲ್ಲಿ ಬೆರಳು ಅದ್ದಿಕೊಂಡು ಕೂತಿರುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಮನೆಗೆ ಬಂದು ಮಾಮಾನನ್ನು ಬಾಯಿಗೆ ಬಂದಂತೆ ಬೈಯುವೆ. ನಮ್ಮವರು ಪುಸ್ತಕದಿಂದ ತಲೆ ಎತ್ತದೆ “ಅವರ ಮನಿ ಮಾತು ನಮಗ್ಯಾಕ” ಅನ್ನುವರು. ನಾನು ಅಷ್ಟಕ್ಕೇ ಸುಮ್ಮನಾಗುವೆ.

ಮುಂದೆ ಹಾವೇರಿಯ ಮಾಮಲೇದಾರರು, ಈಗ ತಹಶೀಲ್ದಾರ ಅನ್ನುತ್ತೀರಲ್ಲ ಅವರು, ಬ್ಯಾಡಗಿಗೆ ಬರುವ ಸುದ್ದಿ ಬಂತು. ಅವರನ್ನು ಸ್ಟೇಶನ್ನಿನಿಂದ ತಮ್ಮ ಮೋಟಾರಿನಲ್ಲಿ ಕರೆತರುವ ಭಾಗ್ಯವನ್ನು ಮಾಮಾ ಯಾರ್ಯಾರದೋ ಕಾಲು ಹಿಡಿದು ಸಂಪಾದಿಸಿದ್ದರು. ಹಿಂದಿನ ದಿನ ಬೆಳಿಗ್ಗೆ ದೀಪದ ಹಿಂದೆ ಕಣ್ಣಿಟ್ಟು ನೋಡುತ್ತಾರೆ, ಕೂದಲೆಳೆಯಷ್ಟು ಗೀರು! ಅದನ್ನು ನೋಡಲು ಮಾಮಲೇದಾರರು ನೆಲಕ್ಕೆ ಮೊಣಕಾಲೂರಿ ಕತ್ತು ತಿರುವಬೇಕಿತ್ತು, ಆ ಮಾತು ಬೇರೆ. ನಾನು ನನ್ನ ಮನೆಯ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದೆ, ಅವರ ಮಾತೆಲ್ಲ ಕೇಳುತ್ತಿತ್ತು.

“ನಿನ್ನ ಕೈಯಾನ ಬಳಿ ತಗಲ್ಯಾವ. ತಗಿ ಅವನ್ನ.”

“ಮ್ಯಾಲ ಸರಿಸಿ ಅರಿವಿ ಕಟ್ಟಿಕೊಳ್ತೇನ್ರಿ.”

“ಬ್ಯಾಡ. ತಗಿ ಅಂದರ ತಗಿ.”

“ನೀವು ಗಟ್ಟ್ಯಾಗಿರೂ ಹೊತ್ತಿನಾಗ ನಾ ಕೈ ಬರಿದು ಮಾಡಿಕೊಳ್ಳಂಗಿಲ್ರಿ” ಅಂದಳು ಅಕ್ಕ.

“ಗಟ್ಟ್ಯಾಗಿರಾಂವ ನಾನ ಹೇಳಾಕತ್ತೇನಲ್ಲ! ಸಾಬೂನು ಹಚ್ಚಿ ತಗಿ. ನನ್ನ ಕಿಸೇದಾಗ ಇರ್ಲಿ, ಕೆಲಸಾದ ಮ್ಯಾಲ ಇಟ್ಕೊ.”

ಬಳೆ ಒಡೆಯಿತು ಅನ್ನಲೂ ಹೆದರಿ ‘ಹೆಚ್ಚಿತು’ ಅನ್ನುವ ಹೆಂಗಸರು ನಾವು. ಹಳೆಯದು ತೆಗೆಯುವ ಮೊದಲು ಕೈಗೆ ಒಂದು ದಾರವನ್ನಾದರೂ ಕಟ್ಟಿಕೊಳ್ಳುವವರು. ಅಕ್ಕ ಕೈಗೆ ಸಾಬೂನಿನ ನೊರೆ ಹಚ್ಚಿ ಹಸಿರು ಬಳೆಗಳನ್ನು ಒಂದೊಂದಾಗಿ ಕಳೆದು ಗಂಡನ ಕೈಗೆ ಕೊಟ್ಟಳು. ಮಾಮಾ ಅವನ್ನು ಬನಿಯನ್ನಿನ ಕಿಸೆಗೆ ಇಳಿಬಿಟ್ಟು, ನೆಲದ ಮೇಲೆ ಚಾಪೆ ಹಾಸಿ, ಮೋಟಾರಿನ ಅಡಿ ನೋಡಲು ಅಂಗಾತ ಮಲಗಿ ಒಳಕ್ಕೆ ಸರಿದರು. ಹೊರಗೆ ಕಾಣುತ್ತಿದ್ದುದು ಎರಡು ಪಾದ ಮಾತ್ರ. ಅಕ್ಕ ತಲೆ ತುಂಬ ಸೆರಗು ಹೊದ್ದು, ಬರಿಗೈಯಲ್ಲಿ, ಆ ಪಾದಗಳ ಪಕ್ಕದಲ್ಲೇ ಕೂತು ಗಾಲಿಯ ಸಂದಿಗೆ ಕೈ ಹಾಕಿದಳು. ಅವಳು ಅಳುತ್ತಿದ್ದಳು. ಖಾರಕ್ಕೆ ಅಳುತ್ತಿದ್ದಳೋ ಎಂದು ನೀವು ಕೇಳಬೇಡಿ.

ಅದೇ ಹೊತ್ತಿಗೆ ಬೆಣ್ಣೆ ಮಾರುವ ಮುದುಕಿಯೊಬ್ಬಳು ಓಣಿಗೆ ಬಂದಳು. ಅವಳು ಕಂಡದ್ದೇನು? ಚಾಪೆ, ಚಾಚಿದ ಎರಡು ಪಾದ, ಪಕ್ಕದಲ್ಲಿ ಬಳೆಯಿಲ್ಲದ ಕೈಯ ಹೆಂಡತಿ, ಕಣ್ಣಲ್ಲಿ ನೀರು. ಮುದುಕಿ ಬುಟ್ಟಿಯನ್ನು ಅಲ್ಲೇ ಇಳಿಸಿ, ಬಂದ ದಾರಿಗೆ ಓಡಿದಳು. ಯಾಕೆ ಓಡಿದಳೆಂದು ನನಗೆ ಹೊಳೆಯುವ ಹೊತ್ತಿಗೆ ಸುದ್ದಿ ಪೇಟೆ ಮುಟ್ಟಿತ್ತು. ದಲಾಲರಲ್ಲಿ ಯಾರಾದರೂ ಹೋದರೆ ತೂಕ ನಿಲ್ಲಿಸಿ ಅಂಗಡಿ ಮುಚ್ಚುವುದು ನಮ್ಮೂರ ಪದ್ಧತಿ. ತಕ್ಕಡಿಗಳು ನಿಂತವು, ಬಾಗಿಲುಗಳು ಬಿದ್ದವು. ಮೋಟಾರು ಮೈಮೇಲೆ ಹೋಯಿತಂತೆ ಎಂದು ಒಬ್ಬರು, ಅದರ ಅಡಿಗೇ ಸಿಕ್ಕರಂತೆ ಎಂದು ಇನ್ನೊಬ್ಬರು. ನಿನ್ನೆಯವರೆಗೆ ಅದರ ಹೊಳಪು ಹೊಗಳಿದವರೇ “ಮೊದಲ ಹೇಳಿದ್ವಿ, ಆ ಕರೀ ಬಣ್ಣ ಅವರಿಗೆ ಆಗಿ ಬರಂಗಿಲ್ಲಂತ” ಅನ್ನುತ್ತ ಬಂದರು.

ಎಲ್ಲರಿಗಿಂತ ಮುಂದೆ ಬಂದವಳು ಮಾಮಾನ ಅಕ್ಕ ನೀಲವ್ವ. ಪೇಟೆಯ ಓಣಿಯಲ್ಲಿ ಅವಳ ಮನೆ. ಕೈ ತುಂಬ ಬಳೆ, ಬಂಗಾರದ ಪಾಟಲಿ. “ಯಪ್ಪಾ ನನ್ನ ತಮ್ಮಾ! ಈ ಸುಡುಗಾಡು ಮೋಟಾರು ನಿನ್ನ ನುಂಗಿತಲ್ಲೋ!” ಎಂದು ಅಳುತ್ತ, ಎರಡೂ ಕೈ ಮೇಲೆತ್ತಿ, ಬಾನೆಟ್ಟನ್ನು ಬಡಿಯಲು ನುಗ್ಗಿದಳು. ಚಾಪೆಯ ಮೇಲಿನ ಪಾದಗಳು ಒಮ್ಮೆಲೆ ಒದ್ದಾಡಿದವು. ಅಡಿಯಿಂದ ಹೆಣ ಕೂಗಿತು:

“ಬಣ್ಣಾ! ಅಕ್ಕಾ, ಬಣ್ಣಾ! ಪಾಟಲಿ ತಗಲ್ತಾವು!”

ನೀಲವ್ವನ ಕೈ ಗಾಳಿಯಲ್ಲೇ ನಿಂತಿತು. ಮಾಮಾ ಬೋರಲಾಗಿ ತೆವಳಿ, ಎದೆಯನ್ನು ನೆಲಕ್ಕೆ ಉಜ್ಜುತ್ತ ಹೊರಗೆ ಬಂದರು. ಎದ್ದು ನಿಂತಾಗ ಕಿಸೆಯಿಂದ ಹಸಿರು ಗಾಜಿನ ಚೂರುಗಳು ಉದುರಿದವು. ಸತ್ತ ಮನುಷ್ಯ ಎದ್ದು ಬಂದಾಗ ಹುಟ್ಟಬೇಕಾದ ಸಂತೋಷ ಯಾರ ಮುಖದಲ್ಲೂ ಹುಟ್ಟಲಿಲ್ಲ. ಎಲ್ಲರೂ ಆ ಚೂರುಗಳನ್ನು ನೋಡುತ್ತಿದ್ದರು. ನೀಲವ್ವನಿಗೆ ಸಂಗತಿ ತಿಳಿದಾಗ ತಮ್ಮನ ಮುಖಕ್ಕೇ ಹೇಳಿದಳು:

“ಹೇಣ್ತಿ ಕೈ ನೀನ ಬರಿದು ಮಾಡಿದಿ. ಬಳಿ ನಿನ್ನ ಎದಿ ಮ್ಯಾಲ ಒಡದು ಹೋದ್ವು. ಲೇ ಚನ್ನಾ, ಸತ್ತಿದ್ದರ ಇದಕ್ಕಿಂತ ಮರ್ಯಾದಿ ಇತ್ತು ನಿನಗ.”

ಮಾಮಲೇದಾರರು ಮಾರನೆಯ ದಿನ ಸ್ಟೇಶನ್ನಿನಿಂದ ಟಾಂಗಾದಲ್ಲಿ ಬಂದರು. ಅಪಶಕುನದ ಗಾಡಿ ಬೇಡವೆಂದು ಯಾರೋ ಅವರ ಕಿವಿಯಲ್ಲಿ ಹೇಳಿದ್ದರಂತೆ. ಆದರೆ ಮಾಮಾನಿಗೆ ಅದಕ್ಕಿಂತ ದೊಡ್ಡ ಚಿಂತೆ ಮನೆಯಲ್ಲೇ ಕಾದಿತ್ತು. ಆ ಸಂಜೆ ಅವರು “ನಾಳಿ ಬಳೆಗಾರನ್ನ ಕರಸ್ತೇನಿ” ಅಂದರೆ, ಅಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಅಂದಳು:

“ಯಾಕ್ರಿ? ನಾಡದ ಮತ್ತ ದೀಪದ ಹಿಂದ ಕೈ ಹಾಕಬೇಕಲ್ಲ. ಇಟ್ಟು ತಗದು, ಇಟ್ಟು ತಗದು ಯಾಕ ಮಾಡೂದು? ಹಿಂಗ ಇರ್ಲಿ ಬಿಡ್ರಿ.”

ಬಳೆಗಾರ ಬಂದ, ಕಟ್ಟೆಯ ಮೇಲೆ ಕೂತು ನೀರು ಕುಡಿದು ಹಿಂದಿರುಗಿದ. ಅಕ್ಕ ಬರಿಗೈಯಲ್ಲೇ ಬಡಿಸಿದಳು, ಬರಿಗೈಯಲ್ಲೇ ಬಾವಿಗೆ ಹೋದಳು, ಹಬ್ಬದ ದಿನ ಬರಿಗೈಯಲ್ಲೇ ಬಾಗಿಲಿಗೆ ರಂಗೋಲಿ ಹಾಕಿದಳು. ಮಾಮಾ ಎದುರಿಗೆ ಬಂದ ರೊಟ್ಟಿಯನ್ನು ನೋಡುವ ಹಾಗಿಲ್ಲ, ಅದನ್ನು ಹಿಡಿದ ಕೈ ಕಾಣುತ್ತಿತ್ತು. ಸೀನಿದರೆ ಹೆದರುವರು, ಕೆಮ್ಮಿದರೆ ನಾಡಿ ಹಿಡಿದುಕೊಳ್ಳುವರು. ರೈತರು ಅವರ ಅಂಗಡಿಯ ಮುಂದೆ ಬಂಡಿ ನಿಲ್ಲಿಸದೆ ಮುಂದೆ ಹೊಡೆದರು. ಹೆಂಡತಿಯ ಕೈ ಬರಿದಿಟ್ಟವನ ಹತ್ತಿರ ಬೋಣಿ ಮಾಡಲು ಯಾರಿಗೆ ಮನಸ್ಸು? ನನಗೆ ಆ ರೈತರ ಮೇಲೂ ಸಿಟ್ಟೇ. ಅಕ್ಕನ ಬೆರಳು ಉರಿಯುವಾಗ ಯಾರ ಬಂಡಿಯೂ ಮುಂದೆ ಹೋಗಿರಲಿಲ್ಲ.

ಇನ್ನೊಂದು ಕಡೆ ನನಗೆ ಭಯ. ಸಾವಕಾರರ ಮನೆ, ಹಟ ಹೆಚ್ಚಾದರೆ ಅವಳನ್ನು ಕುಪ್ಪೇಲೂರಿಗೆ ಕಳಿಸಿಬಿಟ್ಟಾರು. ಕಳಿಸಿದರೆ ಮುಂದೇನು? “ಸಾಕು ಮಾಡ ಅಕ್ಕಾ, ಇಟ್ಕೊಂಡು ಬಿಡು” ಅಂದೆ. ಅವಳು ನನ್ನನ್ನು ನೋಡಿದ ನೋಟಕ್ಕೆ ನಾನು ಮತ್ತೆ ಆ ಮಾತು ಎತ್ತಲಿಲ್ಲ.

ಕೊನೆಗೊಂದು ದಿನ ಮಾಮಾ ಅಡಿಗೆ ಮನೆಯ ಹೊಸ್ತಿಲಲ್ಲಿ ನಿಂತರು. ನಾನೂ ಅಲ್ಲೇ ಇದ್ದೆ. ನನ್ನನ್ನು ಹೊರಗೆ ಹೋಗೆನ್ನುವಷ್ಟು ಬಿಂಕವೂ ಅವರಲ್ಲಿ ಉಳಿದಿರಲಿಲ್ಲ.

“ಏನ ಮಾಡಂತಿ ನನಗ? ಹೇಳಿಬಿಡು.”

“ಬಳೆಗಾರ ಬರೂದು ಬ್ಯಾಡ್ರಿ. ನಾ ರಾಣೆಬೆನ್ನೂರಿಗೆ ಹೋಗಿ ಇಟ್ಕೊಂಡು ಬರ್ತೇನಿ. ಮೋಟಾರದಾಗ.”

“ಮೋಟಾರದಾಗ?”

“ಹೌದ್ರಿ. ತಲಿಗೆ ಎಣ್ಣಿ ಹಚ್ಚಿಕೊಂಡು. ನನ್ನ ತಂಗೀನೂ ಬರ್ತಾಳ.”

ಹೀಗೆ ನಾನು ಆ ಮೋಟಾರಿನಲ್ಲಿ ಕೂತೆ. ಗಾದಿ ಮೆತ್ತಗಿತ್ತೆಂದು ಒಪ್ಪಿಕೊಳ್ಳಲು ನನಗೆ ಇಷ್ಟವಿಲ್ಲ, ಆದರೆ ಮೆತ್ತಗಿತ್ತು. ಮಾಮಾ ರಸ್ತೆಯ ಪ್ರತಿಯೊಂದು ಗುಂಡಿಗೂ ಕ್ಷಮೆ ಕೇಳಿಕೊಳ್ಳುವವರ ಹಾಗೆ ನಿಧಾನ ಹೊಡೆದರು. ರಾಣೆಬೆನ್ನೂರಿನ ಪೇಟೆಯಲ್ಲಿ ಅಕ್ಕ ಬಳೆಗಾರನ ಮುಂದೆ ಕೂತು ಎರಡೂ ಕೈ ಚಾಚಿದಳು. ಅವನು ಸಾಕೇನ್ರವ್ವ ಅಂದಾಗಲೆಲ್ಲ “ಇನ್ನಷ್ಟು” ಅಂದಳು. ಮೊಣಕೈ ಹತ್ತಿರ ಬರುವವರೆಗೆ ಹಸಿರು ಬಳೆ ಏರಿದವು. ಮಾಮಾ ದೂರ ನಿಂತು ಮೋಟಾರಿನ ಹತ್ತಿರ ಸುಳಿದ ದನಗಳನ್ನು ಓಡಿಸುತ್ತಿದ್ದರು.

ತಿರುಗಿ ಬರುವಾಗ ಅಕ್ಕ ಕಿಟಕಿಯ ಗಾಜು ಇಳಿಸಿದಳು. ಇಳಿಸಿ, ಕೈಯನ್ನು ಹೊರಗೆ ಚಾಚಿ, ಬಾಗಿಲಿನ ಮೇಲೆ ಇಳಿಬಿಟ್ಟಳು. ಮೋಟಾರು ಕುಲುಕಿದಾಗಲೆಲ್ಲ ಬಳೆಗಳು ಬಣ್ಣದ ಮೇಲೆ ಖಣ್ ಅನ್ನುತ್ತಿದ್ದವು, ಕೆಲವೊಮ್ಮೆ ಕರ್ರನೆ ಎಳೆಯುತ್ತಿದ್ದವು. ಮುಂದೆ ಕೂತ ಮಾಮಾನ ಕಿವಿ ಮೊದಲು ಕೆಂಪಾದವು, ಆಮೇಲೆ ಕುತ್ತಿಗೆ ಕೆಂಪಾಯಿತು. ಊರು ಹತ್ತಿರ ಬಂದಾಗ ಅವರು ಒಮ್ಮೆ ತಿರುಗಿದರು.

“ಕೈ ಅಷ್ಟು ಒಳಗ...”

“ಏನಂದ್ರಿ?” ಅಂದಳು ಅಕ್ಕ.

“ಏನಿಲ್ಲ. ಗಾಳಿ ಭಾಳ ಐತಿ ಅಂದೆ.”

ಮನೆಯ ಮುಂದೆ ಇಳಿದು ಮಾಮಾ ಆ ಬಾಗಿಲನ್ನು ನೋಡದೆ ಒಳಗೆ ಹೋದರು. ನಾನು ನೋಡಿದೆ. ಬಾಗಿಲ ತುಂಬ ಬಿಳಿ ಗೀರು. ನನಗೂ ಅಯ್ಯೋ ಅನ್ನಿಸಿತು. ನೋಡಿ, ಆ ಹಾಳು ಹೊಳಪಿಗೆ ನಾನೂ ಎಷ್ಟು ಮರುಳಾಗಿದ್ದೆ! “ಅಕ್ಕಾ, ಕೈ ಒಳಗ ಇಟ್ಕೋಬೇಕಿತ್ತಲ್ಲ” ಅಂದೆ.

“ಈ ಕೈ ಎಲ್ಲೆಲ್ಲೆ ಹೋಗಬೇಕಂತ ಇಷ್ಟು ದಿನಾ ಅವರ ಹೇಳಿದ್ರು” ಅಂದಳು ಅಕ್ಕ. “ಇವತ್ತ ನಾ ಹೇಳಿದೆ.”

ಆಮೇಲೆ ಅವಳ ಕೈ ಆ ಮೋಟಾರಿನ ಯಾವ ಸಂದಿಗೂ ಹೋಗಲಿಲ್ಲ. ಕೆಂಪು ಧೂಳು ತನ್ನ ಜಾಗದಲ್ಲಿ ತಾನು ಆರಾಮವಾಗಿ ಕೂತಿತು. ಈ ಕಥೆಯನ್ನು ನಾನು ಎಷ್ಟೋ ಮದುವೆ ಮನೆಗಳಲ್ಲಿ, ಮಾಮಾನ ಹಾಗೆ ಕೂಗಿ ತೋರಿಸಿ, ಹೇಳಿ ನಗಿಸಿದ್ದೇನೆ. ಇವತ್ತು ಬರೆಯುತ್ತ ಬರೆಯುತ್ತ ನಗು ಎಲ್ಲೋ ಹೋಯಿತು, ಮಜ್ಜಿಗೆಯ ಬಟ್ಟಲಿನ ಹತ್ತಿರ ಸಿಟ್ಟು ಬಂದು ಕೂತಿತು. ಹೊತ್ತಾಗಿ ಬಂದ ಸಿಟ್ಟು, ಆದರೂ ಸಿಟ್ಟೇ.

ಇಷ್ಟು ಬರೆದು ಕಿಟಕಿಯಿಂದ ನೋಡಿದರೆ, ಎದುರಿಗೆ ರಾಯರು ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಅವರ ಹೆಂಡತಿ ಬಗ್ಗಿ ಗಾಲಿಯ ಒಳಗೆ ಕೈ ಹಾಕಿದ್ದಾಳೆ. “ಸಾವಕಾಶ, ಸಾವಕಾಶ” ಎಂದು ಇವರು ಬೆರಳು ತೋರಿಸುತ್ತಿದ್ದಾರೆ. ನಾನು ಬಾಗಿಲು ತೆಗೆದು ಓಣಿಗೆಲ್ಲ ಕೇಳುವ ಹಾಗೆ ಕೂಗಿದೆ:

“ಬಾರವಾ, ಚಹಾ ಕುಡ್ಯಾಕ ಬಾ. ಅದರ ಮೈ ಅವರ ತೊಳ್ಕೊಳ್ಳಲಿ.”

ಅವಳು ಒಮ್ಮೆ ಗಂಡನ ಕಡೆ ನೋಡಿದಳು. ಕೈಯಲ್ಲಿದ್ದ ಅರಿವೆಯನ್ನು ಬಾನೆಟ್ಟಿನ ಮೇಲೆ ಒಗೆದು, ಒದ್ದೆ ಕೈಯಲ್ಲೇ ರಸ್ತೆ ದಾಟಿ ಬಂದಳು.